ಹಳ್ಳದಾಚೆಯ ಏಳು ಮನೆಗಳು

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಮಾಘ ಮಾಸದ ಒಂದು ಶನಿವಾರ ಬೆಳಿಗ್ಗೆ ಅಂಥದೊಂದು ಬಸ್ಸಿನಲ್ಲಿ ಆರಾಣೆ ಕೊಟ್ಟು ವಿಜಾಪುರದಿಂದ ತಿಕೋಟಾಕ್ಕೆ ಹೊರಟೆ. ತೊರವಿ ದಾಟಿದ ಮೇಲೆ ಏರಿನಲ್ಲಿ ಎಲ್ಲರೂ ಇಳಿದು ನೂಕಿದೆವು. ಹನ್ನೆರಡು ಮೈಲಿಗೆ ಎರಡು ತಾಸು ಹಿಡಿಯಿತು.

ನನ್ನ ಚೀಲದಲ್ಲಿ ಗೆಳೆಯ ಮಲ್ಲಪ್ಪನ ಕೈಬರಹದ ಪುಸ್ತಕವಿತ್ತು: ಡೋಣಿ ಹೊಳೆಯ ದಂಡೆಯ ಒಂದು ಸಣ್ಣ ಹಳ್ಳಿಯ ಚರಿತ್ರೆ ಮತ್ತು ಅಲ್ಲಿಯ ಮನೆ, ಮಂದಿಯ ಲೆಕ್ಕ. ಅಚ್ಚಿಗೆ ಕೊಡುವ ಮೊದಲು ಹೋಗಿ ಪರೀಕ್ಷಿಸಿ ಬಾ ಎಂದು ನಮ್ಮ ವಾಚನಾಲಯದ ಹಿರಿಯರು ನನಗೆ ಹೇಳಿದ್ದರು. ಮಲ್ಲಪ್ಪನಿಗಿಂತ ಮೊದಲು ಆ ಹಳ್ಳಿಯ ಶಾಲೆಯಲ್ಲಿ ಒಂದು ವರ್ಷ ಮಾಸ್ತರನಾಗಿದ್ದವನು ನಾನು. ಬರೆಯುವಂಥದ್ದು ಅಲ್ಲಿ ಏನೂ ಇಲ್ಲವೆಂದು ಬೇಸತ್ತು ವರ್ಗ ಮಾಡಿಸಿಕೊಂಡು ಬಂದಿದ್ದೆ. ಅದೇ ಊರಿನ ಮೇಲೆ ಅವನು ಪುಸ್ತಕ ಬರೆದಿದ್ದಾನೆಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ತಪ್ಪು ಹುಡುಕಲೆಂದೇ ಹೊರಟಿದ್ದೆ; ಮುಚ್ಚಿಡುವುದೇಕೆ?

ತಿಕೋಟಾದಿಂದ ಎತ್ತಿನ ಗಾಡಿ. ಬಿಳಿಜೋಳ ತೆನೆಗಟ್ಟಿತ್ತು. ಮಧ್ಯಾಹ್ನ ಹಳ್ಳಿ ಮುಟ್ಟಿದಾಗ ಗೌಡರು ಚಾವಡಿಯಲ್ಲೇ ಇದ್ದರು.

“ಮಲ್ಲಪ್ಪ ಮಾಸ್ತರ್ ಕಡಿಯವರೇನ್ರಿ? ಬರ್ರಿ, ಬರ್ರಿ, ಸೀತನಿ ತಿನ್ರಿ,” ಎಂದು ಸುಟ್ಟ ಎಳೆಜೋಳ ಮುಂದಿಟ್ಟರು.

“ನಾನೂ ಇಲ್ಲೇ ಮಾಸ್ತರ್ ಇದ್ದೆರಿ.”

“ಹೌದೇನ್ರಿ? ನೆನಪಾಗವಲ್ದು ನೋಡ್ರಿ.”

ಸೀತನಿ ಅರ್ಧಕ್ಕೇ ಬಿಟ್ಟೆ. ಎದ್ದು ಓಣಿ ಓಣಿ ತಿರುಗಿ ಮನೆ ಎಣಿಸಿದೆ. ಪುಸ್ತಕದಲ್ಲಿ ಮೂವತ್ತೇಳು, ನನಗೆ ಸಿಕ್ಕಿದ್ದು ಮೂವತ್ತೇ. ಸಂತೋಷದಿಂದ ಮತ್ತೊಮ್ಮೆ ಎಣಿಸಿದೆ. ಇನ್ನು ಮೊದಲ ಅಧ್ಯಾಯ: ಹಿಂದೆ ಡೋಣಿ ಉಕ್ಕಿದಾಗ ಯಲ್ಲಪ್ಪ ಎಂಬವನು ಹಲಗಿ ಎಂಬ ತಮಟೆ ಬಾರಿಸಿ ಊರನ್ನು ಎಬ್ಬಿಸಿ ಉಳಿಸಿದನಂತೆ. ಇಂಥ ಕಥೆಯನ್ನು ನಾನು ಅಲ್ಲಿ ಕೇಳಿಯೇ ಇರಲಿಲ್ಲ. ಗೌಡರನ್ನು ಕೇಳಿದರೆ ನೆಲ ನೋಡಿದರು.

“ಅದನ್ನ ಹಳ್ಳದ ಆಚಿ ಕೇಳ್ರಿ.”

ಊರ ಪಕ್ಕ ಡೋಣಿಗೆ ಸೇರುವ ಹಳ್ಳ ಒಣಗಿತ್ತು, ದಾಟಲು ಇಪ್ಪತ್ತು ಹೆಜ್ಜೆ ಸಾಕಾಯಿತು. ಜಾಲಿಗಿಡಗಳ ಹಿಂದೆ ಏಳು ಮನೆಗಳಿದ್ದವು. ಮೊದಲನೆಯ ಮನೆಯ ಮುಂದೆ ದುರಗವ್ವ ಎಂಬ ಮುದುಕಿ ಮೊರದಲ್ಲಿ ಜೋಳ ಕೇರುತ್ತಿದ್ದಳು.

“ಹಲಗಿ ಬಡದಾವ ನಮ್ಮ ಮಾವರೀ,” ಎಂದಳು. “ಊರೆಲ್ಲ ಎದ್ದು ದಿನ್ನಿ ಮ್ಯಾಲ ಮನಿ ಕಟಗೊಂಡ್ತು. ನಮ್ಮನ್ನ ಇಲ್ಲೇ ತೆಗ್ಗಿನ್ಯಾಗ ಬಿಟ್ಟರು.”

“ನಾನು ಇಲ್ಲಿ ಒಂದು ವರ್ಷ ಇದ್ದೆ, ಯವ್ವಾ. ಯಾರೂ ಹೇಳಲಿಲ್ಲ.”

“ಇದ್ದಿರಬೇಕ್ರಿ. ನೀವು ಹಳ್ಳ ದಾಟಿ ಬರಲಿಲ್ಲಲ್ರಿ. ಮಲ್ಲಪ್ಪ ಮಾಸ್ತರ್ ಬಂದ್ರು, ಇಲ್ಲೇ ಕುಂತ್ರು, ನಮ್ಮ ಮನಿ ನೀರು ಕುಡದ್ರು. ನನ್ನ ಮೊಮ್ಮಗಳು ಈಗ ಸಾಲಿಗಿ ಹೋಗಾಕತ್ಯಾಳ್ರಿ.”

ನನಗೆ ಬಾಯಾರಿತ್ತು. ಆಕೆ ನೀರು ಕೊಡಲಿಲ್ಲ; ಕೇಳುವ ಧೈರ್ಯ ನನಗಾಗಲಿಲ್ಲ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ: ಇಪ್ಪತ್ತು ಹೆಜ್ಜೆಯನ್ನು ಅವನೇಕೆ ಮೊದಲು ನಡೆದ?

ಮರುದಿನ ಬಬಲೇಶ್ವರಕ್ಕೆ ನಡೆದುಕೊಂಡೇ ಹೋದೆ. ಮಲ್ಲಪ್ಪನಿಗೆ ಈಗ ಅಲ್ಲಿಯ ಶಾಲೆಗೆ ವರ್ಗವಾಗಿತ್ತು. ಬಿಸಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮೊಸರು ಬಡಿಸಿದ.

“ತಪ್ಪೇನರ ಸಿಕ್ತೇನಪಾ? ಸಂಕೋಚ ಬ್ಯಾಡ, ಹೇಳು.”

“ಎರಡು ಕಡೆ ಕಾಗುಣಿತ ತಪ್ಪೈತಿ,” ಎಂದೆ.

ಅವನು ಕೈ ತೊಳೆದು ಬಂದು ಆಗಲೇ ತಿದ್ದಿದ. “ಚಲೋ ಮಾಡಿದಿ ನೋಡು,” ಎಂದು ನನ್ನ ಬೆನ್ನು ತಟ್ಟಿದ. ಅವನ ಮೇಲೆ ಸಿಟ್ಟು ಬರಲು ಅದೊಂದು ಸಾಲದೆ?

ವಿಜಾಪುರಕ್ಕೆ ಮರಳುವ ಬಸ್ಸಿನಲ್ಲಿ ಶಾಲೆಯ ಅಧ್ಯಾಯ ತೆರೆದೆ. ಅವನು ತನ್ನನ್ನೇ ಹೊಗಳಿಕೊಂಡಿರುತ್ತಾನೆಂದು ಅದುವರೆಗೆ ಅದನ್ನು ಓದಿರಲಿಲ್ಲ. ಅಲ್ಲಿ ಅವನ ಹೆಸರೇ ಇರಲಿಲ್ಲ. ನನ್ನ ಹೆಸರಿತ್ತು. “ಇವರಿದ್ದ ವರ್ಷ ಶಾಲೆ ಒಂದು ದಿನವೂ ತಪ್ಪಲಿಲ್ಲ. ಇವರು ತಿದ್ದಿಸಿದ ಮಕ್ಕಳ ಅಕ್ಷರ ಇಂದಿಗೂ ದುಂಡಗಿದೆ.”

ಸಂಜೆ ವಾಚನಾಲಯಕ್ಕೆ ಹೋಗಿ “ಅಚ್ಚು ಹಾಕಿಸಬಹುದು” ಎಂದು ಬರೆದು ರುಜು ಮಾಡಿದೆ. ನನ್ನ ಬಗೆಗಿನ ಆ ಎರಡು ಸಾಲನ್ನಾದರೂ ಸುಳ್ಳೆಂದು ಹೊಡೆದುಹಾಕಲು ಕೈ ತುಡಿಯಿತು. ಆದರೆ ಅವೂ ನಿಜವಾಗಿದ್ದವು.