ನಾಲ್ಕು ಮಡಿಕೆಯ ಪದವಿ ಪತ್ರ

ನಮ್ಮ ವಂಶದಲ್ಲಿ ಡಿಗ್ರಿ ಪಾಸು ಮಾಡಿದವನು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹೊಳವನಹಳ್ಳಿಯಿಂದ ಮಧುಗಿರಿ ಕಾಲೇಜಿಗೆ ಮೂರು ವರ್ಷ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಓಡಾಡಿ, ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿ, ಮೂರನೇ ಸಲ ದಾಟಿದೆ. ಆ ಮೂರನೇ ಸಲಕ್ಕೆ ಮುಂಚೆ ಅವ್ವ ಹರಕೆ ಹೊತ್ತಿದ್ದಳು. ಮಗ ಪಾಸಾದರೆ ವೇಳಾಂಕಣಿಯಲ್ಲಿ ಆರೋಗ್ಯ ಮಾತೆಯ ಗುಡಿಗೆ ಹೋಗುವ ಮರಳ ಹಾದಿಯನ್ನು ಮಂಡಿಯ ಮೇಲೆ ನಡೆಯುತ್ತೇನೆ ಎಂದು. ಇಷ್ಟು ಮನೆಯವರಿಗೆಲ್ಲ ಗೊತ್ತಿತ್ತು. ಹರಕೆಯ ಉಳಿದ ಭಾಗವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅಪ್ಪ, ಅವ್ವ, ಅಕ್ಕ, ನಾನು ಹೊರಟೆವು. ಯಾತ್ರೆಯ ಯಜಮಾನಿಕೆ ನನ್ನದು. ಎಲ್ಲಿ ಎಷ್ಟು ಹೊತ್ತು, ಯಾವ ಬಸ್ಸು, ಎಲ್ಲ ಒಂದು ಹಾಳೆಯಲ್ಲಿ ಬರೆದಿದ್ದೆ. ಮೊದಲು ಚೆನ್ನೈ. ಯೇಸುವಿನ ಶಿಷ್ಯರೊಬ್ಬರ ಸಮಾಧಿಯ ಮೇಲೆ ಕಟ್ಟಿದ ಚರ್ಚು, ಅವರು ಪ್ರಾಣ ಬಿಟ್ಟರೆನ್ನುವ ಬೆಟ್ಟ. ಅಲ್ಲಿನ ಇಂಗ್ಲಿಷ್ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, ಪೋರ್ಚುಗೀಸರು ಬಂದದ್ದು, ಗೋಪುರ ಎದ್ದದ್ದು, ಒಂದೂ ಬಿಡದೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವ್ವ ಸಮಾಧಿಯ ಮುಂದೆ ಜಪಸರ ಹಿಡಿದು ಕೂತರೆ, "ಇಪ್ಪತ್ತು ನಿಮಿಷ ಆಯ್ತು, ಏಳವ್ವ" ಎಂದೆ.

"ಲೇ, ಇಸವಿ ಹೇಳಿದ್ದು ಸಾಕು ಕಣ್ಲಾ," ಎಂದ ಅಪ್ಪ. "ಚಪ್ಲಿ ಎಲ್ಲಿ ಬುಟ್ಟಿದ್ದೀವಿ, ಅದನ್ನ ಹೇಳು."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ವೇಳಾಂಕಣಿ. ಮರಳ ಹಾದಿಯ ತುದಿಯಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ ಮಂಡಿಯೂರಿದಳು. ವರ್ಷಗಟ್ಟಲೆ ಹುಣಸೆಹಣ್ಣು ಕುಟ್ಟುವ ಕೂಲಿ ಮಾಡಿದವಳು, ಆಗಿನ್ನೂ ಮಂಡಿ ಗಟ್ಟಿಯಿದ್ದವು. ಚೀಲದಿಂದ ಒಂದು ಕಾಗದ ತೆಗೆದು, ಬಿಡಿಸಿ, ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿದಳು. ನೋಡಿದರೆ ನನ್ನ ಪದವಿ ಪತ್ರ. ಜೆರಾಕ್ಸ್ ಅಲ್ಲ, ಅಸಲಿ. ಮುಂದಿನ ವಾರ ಮೇಷ್ಟ್ರ ಕೆಲಸಕ್ಕೆ ದಾಖಲೆ ಪರಿಶೀಲನೆ ಇತ್ತು. ಅದಕ್ಕೆಂದೇ ಎರಡು ರಟ್ಟಿನ ನಡುವೆ ಟ್ರಂಕಿನಲ್ಲಿಟ್ಟಿದ್ದೆ. ಅವ್ವ ಅದನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದಳು. ಬೆಲೆಯಿರುವ ಕಾಗದವನ್ನು ನಮ್ಮ ಮನೆಯಲ್ಲಿ ಇಡುವುದೇ ಹಾಗೆ. ಪಹಣಿ, ಚರ್ಚಿನವರು ಕೊಟ್ಟ ಜ್ಞಾನಸ್ನಾನದ ಚೀಟಿ, ಎಲ್ಲವೂ ನಾಲ್ಕು ಮಡಿಕೆ, ಮೇಲೊಂದು ಬಟ್ಟೆ. ಬೆಲೆ ಹೆಚ್ಚಿದಷ್ಟೂ ಮಡಿಕೆ ಬಿಗಿ.

"ಯಾರನ್ನ ಕೇಳಿ ತಂದೆ?"

"ಮಾತೆಗೆ ತೋರುಸ್ತೀನಿ ಅಂದಿದ್ದೆ ಕಣಪ್ಪ. ತಲೆ ಮ್ಯಾಲೆ ಹೊತ್ಕಂಡು ಬತ್ತೀನಿ ಅಂತ. ತೋರ್ಸಿ ಕೊಟ್ಬುಡ್ತೀನಿ."

"ಬೆವರು ಹತ್ತುತ್ತೆ, ಹರಿಯುತ್ತೆ. ಮಡಚಿ ಬೇರೆ ಹಾಕಿದ್ದೀಯ! ಓದು ಬರ್ದೇ ಇರೋರ ಕೈಗೆ ಸಿಕ್ರೆ ಇಂಗೇ ಆಗೋದು!"

ಮೆಲ್ಲಗೆ ಹೇಳಲಿಲ್ಲ. ಪಕ್ಕದಲ್ಲಿ ಮಂಡಿಯ ಮೇಲೆ ಸಾಗುತ್ತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು. ಕಾಗದ ಕಿತ್ತುಕೊಂಡೆ. ಅವ್ವನ ಕೈ ಸ್ವಲ್ಪ ಹೊತ್ತು ತಲೆಯ ಮೇಲೆ ಹಾಗೆಯೇ ಇದ್ದವು.

"ಕಾಗ್ದ ಇಲ್ದೇನೂ ನಡೀಬೋದಲ್ಲವ್ವ," ಎಂದಳು ಅಕ್ಕ.

"ಇಲ್ಲ ಕಣೆ. ಒಪ್ಕಂಡಿದ್ದೊಂದು, ಮಾಡಿದ್ದೊಂದು ಆಯ್ತದೆ. ಬುಡು, ಇನ್ನೊಂದ್ ಸಲ ಬರಾನ."

ಎದ್ದು ಮಂಡಿಯ ಮರಳು ಕೊಡವಿಕೊಂಡಳು. ಅಪ್ಪ ನನ್ನ ಮುಖ ನೋಡಲಿಲ್ಲ. ನನ್ನ ಹಾಳೆಯ ಪ್ರಕಾರ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.

ಪರಿಶೀಲನೆಯ ದಿನ ಗುಮಾಸ್ತರು ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿ, "ಸೀಲು ಕಾಣುತ್ತಲ್ಲ, ಸಾಕು ಬಿಡಿ ಮೇಷ್ಟ್ರೇ" ಎಂದರು. ನನ್ನನ್ನು ಮೇಷ್ಟ್ರೇ ಎಂದವರಲ್ಲಿ ಅವರೇ ಮೊದಲು. ಖುಷಿಯಾಗಬೇಕಿತ್ತು.

ಕೆಲಸ ಸಿಕ್ಕಿತು. ಮೊದಲು ಪಾವಗಡ ಕಡೆಯ ಹಳ್ಳಿ, ಆಮೇಲೆ ಮಧುಗಿರಿ. ಪ್ರತಿ ಬೇಸಿಗೆಯೂ ಹೋಗೋಣ ಎಂದುಕೊಂಡೆ. ಒಂದು ವರ್ಷ ಪೇಪರ್ ತಿದ್ದುವುದು, ಇನ್ನೊಂದು ವರ್ಷ ಚುನಾವಣೆ ಕೆಲಸ. ಅಷ್ಟರಲ್ಲಿ ಅಪ್ಪ ತೀರಿಕೊಂಡ. ಅವ್ವನ ಮಂಡಿ ಸವೆದವು. ಈಗ ಅವಳು ನನ್ನ ಜೊತೆಯೇ ಇದ್ದಾಳೆ. ಭಾನುವಾರದ ಪೂಜೆಯಲ್ಲಿ ಎಲ್ಲರೂ ಮಂಡಿಯೂರುವಾಗ ಅವಳು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾಳೆ. ಅಂದು ಆಡಿದ ಮಾತನ್ನು ಪಾಪನಿವೇದನೆಯಲ್ಲಿ ಫಾದರಿಗೆ ಹೇಳಿದ್ದೇನೆ. ತಪ್ಪಾಯಿತು ಎಂದು ಅವ್ವನಿಗೆ ಹೇಳಿಲ್ಲ.

ಹೋದ ತಿಂಗಳು ಬೀರುವಿನಿಂದ ಆ ಪತ್ರ ತೆಗೆದು ಅವಳ ಮುಂದೆ ಕೂತೆ. "ಅವ್ವ, ಹೋಗಾನ. ಇದನ್ನ ನಾನೇ ತಲೆ ಮೇಲೆ ಹೊತ್ಕಂಡು ಮಂಡೀಲಿ ನಡೀತೀನಿ. ನೀನು ಜೊತೇಲಿದ್ರೆ ಸಾಕು."

"ಒಪ್ಕಂಡೋಳು ನಾನು ಕಣ್ಲಾ. ನೀನ್ ನಡುದ್ರೆ ನನ್ ಹರಕೆ ಹೆಂಗ್ಲಾ ತೀರ್ತದೆ?"

ಪತ್ರವನ್ನು ಕೈಗೆ ತೆಗೆದುಕೊಂಡಳು. ಕೆಲಸ ಸಿಕ್ಕ ಮೇಲೆ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದೆ. ಬೆಳಕಿಗೆ ಓರೆಯಾಗಿ ಹಿಡಿದು, ಹಳೆಯ ಮಡಿಕೆಯ ಗೆರೆ ಹುಡುಕಿ, ಅದರ ಮೇಲೆ ಬೆರಳು ಓಡಿಸಿದಳು. ಒಂದು ಮೂಲೆಯನ್ನು ಬಗ್ಗಿಸಿಯೂ ನೋಡಿದಳು.

"ಗಟ್ಟಿ ಮಾಡ್ಸಿದ್ದೀಯ. ಇನ್ ಮಡಚಾಕಾಗಕಿಲ್ಲ ಬುಡು," ಎಂದು ನನ್ನ ಕೈಗೇ ಕೊಟ್ಟಳು.