ಎರಡು ಟಿವಿಯಲ್ಲಿ ಅಮ್ಮ

ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ವಿಸಿಡಿಗಳೇ ನೆನಪಾಗುತ್ತವೆ. ಗುಬ್ಬಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ, ಚಿಕ್ಕಪ್ಪ ಸೇರಿ ವಿಡಿಯೊ ಅಂಗಡಿ ನಡೆಸುತ್ತಿದ್ದರು. ಬಾಡಿಗೆಗೆ ಹೋಗಿ ಗೀರು ಬಿದ್ದು ಬಂದ ಡಿಸ್ಕಿಗೆ ಅಪ್ಪ ಬೆರಳ ತುದಿಯಿಂದ ಎಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಿಂದ ಮೆತ್ತಗೆ ಒರೆಸುತ್ತಿದ್ದ. ಅದು ಹೇಗೋ ಓಡುತ್ತಿತ್ತು. ಚಿಕ್ಕಪ್ಪ ತುಮಕೂರಿನಿಂದ ಡಿವಿಡಿ ತಂದ ಮೇಲೆ ಇಬ್ಬರಿಗೂ ದಿನವೂ ಜಗಳ. "ಎಲ್ರ ಮನೇಲೂ ಇರೋದು ವಿಸಿಡಿ ಪ್ಲೇಯರ್ ಕಣ್ಲಾ. ಓಡಿದ್ದೇ ಗೆದ್ದಂಗೆ," ಎನ್ನುತ್ತಿದ್ದ ಅಪ್ಪ. "ನಿನ್ ವಿಸಿಡೀಲಿ ಮದ್ವೆ ಹೆಣ್ಣೂ ಒಂದೇ, ಬಾಳೆಕಂಬಾನೂ ಒಂದೇ, ಬುಡಣ್ಣ," ಎನ್ನುತ್ತಿದ್ದ ಚಿಕ್ಕಪ್ಪ.

ಅದನ್ನು ತೀರ್ಮಾನಿಸಲು ಅವರು ಆರಿಸಿಕೊಂಡದ್ದು ಅಮ್ಮನ ವಿಡಿಯೊ ಕ್ಯಾಸೆಟ್ಟು. ನನ್ನ ನಾಮಕರಣದ ದಿನ ಅಪ್ಪನೇ ಹಿಡಿದದ್ದು. ಅಮ್ಮ ತೊಟ್ಟಿಲು ತೂಗುತ್ತ ಜೋಗುಳ ಹಾಡುತ್ತಾಳೆ. ನನಗೆ ಆರು ವರ್ಷವಾದಾಗ ಅವಳು ತೀರಿಕೊಂಡಳು. ಅವಳ ದನಿ ಉಳಿದದ್ದು ಅದೊಂದರಲ್ಲೇ. ಅಪ್ಪ ಅದನ್ನು ವಿಸಿಡಿಗೆ ಇಳಿಸಿದ, ಚಿಕ್ಕಪ್ಪ ಡಿವಿಡಿಗೆ. ಸಂತೆಯ ದಿನ ಜಗುಲಿಯ ಮೇಲೆ ಎರಡು ಟಿವಿ ಇಟ್ಟು ಎರಡನ್ನೂ ಒಟ್ಟಿಗೆ ಹಾಕಿದರು. ಕಡಬದ ಕಡೆಯಿಂದ ಬಂದವರು ಚೀಲ ಹಿಡಿದೇ ನಿಂತು ತೀರ್ಪು ಕೊಟ್ಟರು. "ಇದ್ರಲ್ಲಿ ನಿಮ್ಮವ್ವನ ಮೂಗ್ಬಟ್ಟು ಹೆಂಗ್ ಹೊಳೀತದೆ ನೋಡೇ ಪುಟ್ಟಿ!" ಎಂದು ಒಬ್ಬ ಹೆಂಗಸು ನನ್ನ ಗಲ್ಲ ಹಿಡಿದು ಡಿವಿಡಿಯ ಕಡೆ ತಿರುಗಿಸಿದಳು. ನನಗೆ ಎರಡೂ ಒಂದೇ ಥರ ಮಸುಕಾಗಿ ಕಂಡವು. ಸಂಜೆಯವರೆಗೂ ಅಮ್ಮ ಹಾಡಿದಳು. ಎಲ್ಲರೂ ನೋಡಿದರು, ಕೇಳಿದವರು ಯಾರೂ ಇಲ್ಲ. ನಾನೂ ಅಷ್ಟೆ.

ಅಪ್ಪ ಸೋತ. ಮರುದಿನ ತನ್ನ ಡಿಸ್ಕಿನ ಮೇಲೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಸಿಟ್ಟಿನಲ್ಲಿ ಕಿತ್ತ. ಚೀಟಿಯ ಜೊತೆ ಡಿಸ್ಕಿನ ಬೆಳ್ಳಿ ಪೊರೆಯೂ ಎದ್ದು ಬಂತು, ಅದು ಮತ್ತೆ ಓಡಲಿಲ್ಲ. ಅದೇ ವಾರ ಮದುವೆಯೊಂದರ ವಿಡಿಯೊ ತೆಗೆಯಲು ಕ್ಯಾಸೆಟ್ಟು ಸಾಲದಾದಾಗ, "ಡಿವಿಡೀಲಿ ಐತಲ್ಲ, ಇನ್ನೆಲ್ಲೋಗ್ತದೆ?" ಎಂದು ಚಿಕ್ಕಪ್ಪ ಅಮ್ಮನ ಕ್ಯಾಸೆಟ್ಟಿನ ಮೇಲೆಯೇ ಮದುವೆ ಹಿಡಿದ. ಅಪ್ಪ ಎದುರಿಗೇ ಇದ್ದ. ಬೇಡ ಎನ್ನಲಿಲ್ಲ. ಡಿವಿಡಿ ಚಿಕ್ಕಪ್ಪನ ಬೀರು ಸೇರಿತು. ಒಂದು ಸಲ ಹಾಕು ಎಂದು ಅವನನ್ನು ಕೇಳುವಷ್ಟು ಅಪ್ಪ ಎಂದೂ ಬಗ್ಗಲಿಲ್ಲ. ಅಪ್ಪ ಸತ್ತ ಮೇಲೂ ಅದೊಂದನ್ನು ನಾನು ಕ್ಷಮಿಸಿಲ್ಲ.

ಡಿವಿಡಿ ಗೆದ್ದದ್ದು ಕೆಲವೇ ವರ್ಷ. ಆಮೇಲೆ ಜನ ಎಲ್ಲವನ್ನೂ ಫೋನಿನಲ್ಲೇ ನೋಡತೊಡಗಿದರು. ಅಂಗಡಿ ಮುಚ್ಚಿತು, ಮನೆ ಮಾರಿದೆವು. ಅಪ್ಪನ ಕಾರ್ಯ ಮುಗಿದ ಮೇಲೆ ನಾನೂ ಚಿಕ್ಕಪ್ಪನೂ ಡಿವಿಡಿ ಹಿಡಿದು ತುಮಕೂರಿನ ಮರಳೂರಿನಲ್ಲಿದ್ದ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದ. "ಒಂದ್ ಗೀರಿಲ್ಲ ಸಾರ್. ಆದ್ರೆ ರೆಕಾರ್ಡ್ ಆಗಿದ್ದ ಬಣ್ಣಾನೇ ಹೋಗ್ಬುಟ್ಟೈತೆ, ಒಳಗೇನಿಲ್ಲ." ಚಿಕ್ಕಪ್ಪ ಮೂರು ಸಲ ಹಾಕಿಸಿದ. ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಇವತ್ತೇ ತೆಗೆದು ನೋಡಿ.

ಹೊರಗೆ ಆಟೋಗೆ ಕಾಯುವಾಗ ಅವನು ಕೇಳಿದ: "ಅತ್ಗೆ ದನಿ ಹೆಂಗಿತ್ತು ಪುಟ್ಟಿ? ನಂಗೆ ಬರ್ತಾನೇ ಇಲ್ಲ. ನಿಂಗೆ ಗ್ಯಾಪ್ಕ ಐತಾ?"

"ಐತೆ," ಅಂದೆ. ಸುಳ್ಳು. ಅವನ ಮುಂದೆ ಸೋಲಲು ನನಗೂ ಮನಸ್ಸಿರಲಿಲ್ಲ. ಹಾಡಿ ತೋರಿಸು ಅಂದುಬಿಟ್ಟಾನೆಂದು, ಸಿಕ್ಕಿದ ಆಟೋಗೆ ಕೈಯೊಡ್ಡಿ ಹತ್ತಿ ಕುಳಿತೆ.