ಭಾವ ಹಾಕಿದ್ದ ಲಾಕು

ಗ್ಯಾರೇಜಿನ ಸುತ್ತಮುತ್ತ ಎಲ್ಲರೂ ಅವರನ್ನು ಕರೆಂಟು ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ, ವಾಹನಗಳ ವೈರಿಂಗ್ ರಿಪೇರಿ ಮಾಡುವವರು. ಆದರೆ ಹೆಡ್‌ಲೈಟಿನ ಬಲ್ಬು ಬದಲಾಯಿಸಲು ಬಂದವನಿಗೂ ಅರ್ಧ ಗಂಟೆ ಪಾಠ ಮಾಡಿಯೇ ಕಳಿಸುತ್ತಿದ್ದರು. ಐವತ್ತು ದಾಟಿದ ಮೇಲೆ ಆ ಪಾಠವೂ ನಿಂತಿತು. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಏಳುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ಮಾತಿಗೆ ಉಸಿರು ಮಿಗುತ್ತಿರಲಿಲ್ಲ. ಗಿರಾಕಿ ಏನೇ ಹೇಳಲಿ, "ಆಯ್ತು ಬಿಡಿ" ಎಂದು ಕೆಲಸಕ್ಕೆ ಕೈ ಹಾಕುತ್ತಿದ್ದರು.

ಆ "ಆಯ್ತು ಬಿಡಿ" ಒಂದು ದಿನ ಅವರ ಭಾವನ ಕುತ್ತಿಗೆಗೆ ಬಂತು.

ಭಾವ ಎಂದರೆ ಅಕ್ಕನ ಗಂಡ. ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿದ ಮನುಷ್ಯ. ಮಕ್ಕಳೆಲ್ಲ ಹತ್ತಿದ ಮೇಲೆ ಬಾಗಿಲೆಳೆದು, ಲಾಕ್ ಹಾಕಿ, ಅಂಗೈಯಿಂದ ಎರಡು ಸಲ ಬಡಿದು ನೋಡಿಯೇ ಸೀಟಿಗೆ ಬರುತ್ತಿದ್ದರು. "ಉಪ್ಪಿನ ಡಬ್ಬಿ ಮುಚ್ಚಿದ್ರೂ ಎರಡು ಸಲ ಬಡೀತಾರೆ ಕಣೋ," ಎಂದು ಅಕ್ಕ ನಗುತ್ತಿದ್ದಳು. ಅಂಥವರ ವ್ಯಾನಿನ ಬಾಗಿಲು ಒಂದು ಮಧ್ಯಾಹ್ನ ತಿರುವಿನಲ್ಲಿ ತಾನಾಗಿಯೇ ಜಾರಿ ತೆರೆದುಕೊಂಡಿತು. ಪುಟ್ಟ ಹುಡುಗಿಯೊಬ್ಬಳ ಬ್ಯಾಗು ರಸ್ತೆಗೆ ಬಿತ್ತು. ಹುಡುಗಿ ಬೀಳಲಿಲ್ಲ, ಅಷ್ಟೇ ಪುಣ್ಯ.

ವ್ಯಾನನ್ನು ಪರೀಕ್ಷೆ ಮಾಡಿಸಿ ವರದಿ ಬರೆಸಿ ತರಬೇಕೆಂದು ಶಾಲೆಯ ಮ್ಯಾನೇಜರು ಹೇಳಿದ್ದರಿಂದ ಮಾರನೆಯ ಬೆಳಿಗ್ಗೆ ಏಳಕ್ಕೆ ಭಾವನೇ ಅದನ್ನು ಗ್ಯಾರೇಜಿಗೆ ತಂದರು.

"ಬೆಳಿಗ್ಗೆ ಏನೂ ಗೊತ್ತಾಗಲ್ಲ ಕಣೋ. ಬಿಸಿಲೇರಿದ ಮೇಲೆ ಒಂದೊಂದ್ಸಲ ಲಾಕು ಟಕ್ ಅಂತ ಸದ್ದು ಮಾಡುತ್ತೆ. ಮಧ್ಯಾಹ್ನದ ತನಕ ಇಟ್ಕೊಂಡು ನೋಡು."

"ಆಯ್ತು ಬಿಡಿ ಭಾವ."

ಇಟ್ಟುಕೊಳ್ಳಲಿಲ್ಲ. ಇನ್ನೂ ಮೂರು ಗಾಡಿ ಸಾಲಿನಲ್ಲಿದ್ದವು, ಸೊಂಟ ಬೆಳಿಗ್ಗೆಯೇ ನೋಯುತ್ತಿತ್ತು. ಸ್ಕ್ಯಾನರ್ ಸಿಕ್ಕಿಸಿದರು, ದೋಷವೇನೂ ತೋರಿಸಲಿಲ್ಲ. ಹತ್ತು ಸಲ ಲಾಕ್ ಒತ್ತಿದರು. ಹತ್ತು ಸಲವೂ ಬಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ "ಸದ್ಯಕ್ಕೆ ಏನೂ ಕಂಡಿಲ್ಲ" ಎಂದು ಬರೆದಿದ್ದರೂ ಆಗುತ್ತಿತ್ತು. ಆದರೆ ಭಾವನ ಪರ ವಹಿಸಿದ ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ! "ವಾಹನದಲ್ಲಿ ಯಾವ ದೋಷವೂ ಇಲ್ಲ" ಎಂದು ಗಟ್ಟಿಯಾಗಿ ಬರೆದು ಸಹಿ ಹಾಕಿದರು. ವಾರದೊಳಗೆ ಭಾವನ ಕೆಲಸ ಹೋಯಿತು, ಅಕ್ಕ ಫೋನ್ ಮಾಡುವುದನ್ನು ಬಿಟ್ಟಳು. ಮೇಷ್ಟ್ರೂ ಮಾಡಲಿಲ್ಲ.

ಐದು ವಾರದ ಮೇಲೆ ಅದೇ ವ್ಯಾನು ಮತ್ತೆ ಬಂತು. ಈ ಸಲ ಹೊಸ ಡ್ರೈವರು. "ಶಾಲೆ ಗೇಟಿನ ಹತ್ರ ಬಿಸಿಲಲ್ಲಿ ನಿಲ್ಸಿದ್ದೆ ಸಾರ್. ಒಳಗೆ ಯಾರೂ ಇರ್ಲಿಲ್ಲ. ಲಾಕು ತಾನೇ ಬಿಚ್ಕೊಳ್ತು," ಎಂದ.

ಬಿಸಿಲೇರಿದ ಮೇಲೆ ಎಂದಿದ್ದ ಭಾವನ ಮಾತು ಮೇಷ್ಟ್ರಿಗೆ ನೆನಪಾಯಿತು. ಪಕ್ಕದ ಸಲೂನಿಗೆ ಹೋಗಿ ಕೂದಲು ಒಣಗಿಸುವ ಡ್ರೈಯರು ಕೇಳಿ ತಂದರು. ಸ್ಟಿಯರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದರೆ ಅಂಗೈಯಗಲದ ಕಪ್ಪು ಡಬ್ಬಿಯೊಂದಿರುತ್ತದೆ, ಬಾಡಿ ಕಂಟ್ರೋಲ್ ಮಾಡ್ಯೂಲ್. ಜೋರಿನ ಅತ್ತೆಯಿರುವ ಮನೆಯ ಹಾಗೆ, ಅದರ ಅಪ್ಪಣೆಯಿಲ್ಲದೆ ಗಾಡಿಯಲ್ಲಿ ದೀಪ ಹತ್ತದು, ವೈಪರು ಆಡದು, ಬಾಗಿಲು ತೆರೆಯದು. ಅದರ ಮೇಲೆ ಬಿಸಿಗಾಳಿ ಹಿಡಿದು ಕುಳಿತರು. ನಾಲ್ಕು ನಿಮಿಷ ಏನೂ ಆಗಲಿಲ್ಲ. ಐದನೆಯದಕ್ಕೆ ಜಾರುವ ಬಾಗಿಲಲ್ಲಿ ಟಕ್ ಎಂದಿತು. ಯಾರೂ ಮುಟ್ಟದೆ ಲಾಕು ಬಿಚ್ಚಿಕೊಂಡಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಎಳೆದ ಕೈ ತಮ್ಮದೇ.

ಹೊಸ ಮಾಡ್ಯೂಲ್ ಬರಲು ಎರಡು ದಿನ ಹಿಡಿಯಿತು. ಮೇಷ್ಟ್ರು ಬ್ಯಾಟರಿಯ ವೈರು ಕಳಚಿ, ಕಾಲುಗಳನ್ನು ಬಾಗಿಲಾಚೆ ಚಾಚಿ, ಬೆನ್ನ ಮೇಲೆ ಮಲಗಿ ಹಳೆಯದನ್ನು ಬಿಚ್ಚಿದರು. ಹೊಸದನ್ನು ಕೂರಿಸಿ, ಲ್ಯಾಪ್‌ಟಾಪಿನಿಂದ ಅದಕ್ಕೆ ಈ ಗಾಡಿಯ ಗುರುತು ಕಲಿಸಿದರು, ಕೀಲಿಗಳನ್ನು ಒಂದೊಂದಾಗಿ ಪರಿಚಯ ಮಾಡಿಸಿದರು. ಆಮೇಲೆ ಡ್ರೈಯರು ಹಿಡಿದು ಅರ್ಧ ಗಂಟೆ ಕಾದರು. ಲಾಕು ಮಿಸುಕಲಿಲ್ಲ. ಹಳೆಯದನ್ನು ಒಡೆದು ಭೂತಗನ್ನಡಿಯಲ್ಲಿ ನೋಡಿದರೆ ಒಂದು ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಬಿಸಿಯಾದರೆ ಬಾಯಿ ಬಿಡುತ್ತಿತ್ತು, ತಣಿದರೆ ಏನೂ ಅರಿಯದ ಹಾಗೆ ಮುಚ್ಚಿಕೊಳ್ಳುತ್ತಿತ್ತು.

ತಮ್ಮ ಮೊದಲ ವರದಿ ತಪ್ಪು ಎಂದು ಇನ್ನೊಂದು ಬರೆದುಕೊಂಡು ಮೇಷ್ಟ್ರು ಮ್ಯಾನೇಜರ ಮುಂದೆ ನಿಂತರು. ಮ್ಯಾನೇಜರು ಎರಡೆರಡು ಸಲ ಓದಿದರು.

"ಅಲ್ರೀ, ನಿಮ್ಮ ಭಾವನೇ ಒಪ್ಕೊಂಡಿದ್ದಾರಲ್ಲ?" ಎಂದು ಫೈಲಿನಿಂದ ಒಂದು ಹಾಳೆ ತೆಗೆದು ತೋರಿಸಿದರು. ಭಾವನದೇ ಗುಂಡಕ್ಷರ: *ಲಾಕ್ ಹಾಕಲು ಮರೆತಿದ್ದೆ. ಕ್ಷಮಿಸಬೇಕು.* "ಇರ್ಲಿ, ಸೋಮವಾರದಿಂದ ಬರೋಕೆ ಹೇಳಿ."

ಅಕ್ಕನ ಮನೆ ಮೂರನೆಯ ಮಹಡಿ. ಹತ್ತುವಾಗ ಮೇಷ್ಟ್ರು ಎರಡು ಕಡೆ ನಿಂತು ಸುಧಾರಿಸಿಕೊಂಡರು. ಬಾಗಿಲು ತೆರೆದ ಅಕ್ಕ ಬಾ ಎನ್ನಲಿಲ್ಲ, ಪಕ್ಕಕ್ಕೆ ಸರಿದಳು. ಭಾವ ಅಡುಗೆಮನೆಯಲ್ಲಿ ಗ್ಯಾಸಿನ ಗುಂಡಿ ತಿರುಗಿಸಿ ನೋಡುತ್ತಿದ್ದರು. "ಬೆಳಿಗ್ಗೆಯಿಂದ ಇದು ಆರನೇ ಸಲ," ಎಂದಳು ಅಕ್ಕ, ಯಾರಿಗೆಂದಿಲ್ಲದೆ.

"ಭಾವ, ತಪ್ಪು ನಿಮ್ದಲ್ಲ. ಮಾಡ್ಯೂಲ್ ಕೆಟ್ಟಿತ್ತು. ನೀವು ಅವತ್ತು ಲಾಕ್ ಹಾಕಿದ್ರಿ."

ಭಾವ ತಿರುಗಿ ನೋಡಿದರು. ಐದು ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು.

"ಹಾಕಿದ್ನಾ?"

"ಹಾಕಿದ್ರಿ. ನಾನೇ ಪರೀಕ್ಷೆ ಮಾಡಿ ಬಂದೆ. ಮರ್ತೆ ಅಂತ ಯಾಕೆ ಬರ್ಕೊಟ್ರಿ ಭಾವ?"

"ಗಾಡೀಲಿ ದೋಷ ಇಲ್ಲ ಅಂತ ನೀನು ಬರ್ದಿದ್ದೆ. ನಿನ್ನ ಕೆಲಸ ನಂಗೆ ಗೊತ್ತಿಲ್ವೇನೋ? ನೀನು ಹೇಳಿದ ಮೇಲೆ ನಾನೇ ಮರ್ತಿರ್ಬೇಕು ಅನ್ಕೊಂಡೆ." ಗ್ಯಾಸಿನ ಗುಂಡಿಯನ್ನು ಮತ್ತೊಮ್ಮೆ ಮುಟ್ಟಿ ನೋಡಿ ಹೇಳಿದರು: "ಆಮೇಲಾಮೇಲೆ ಮರ್ತಿದ್ದು ನೆನಪಿಗೇ ಬರೋಕೆ ಶುರುವಾಯ್ತು. ಬಾಗಿಲು ಎಳ್ದಿದ್ದು, ಲಾಕ್ ಹಾಕ್ದೆ ಹಾಗೇ ಬಂದಿದ್ದು. ಕಣ್ಣಿಗೆ ಕಟ್ಟಿದ ಹಾಗೆ."

ಒಬ್ಬ ಮನುಷ್ಯನ ಕೆಲಸ ಕಳೆದಿದ್ದೇನೆ ಎಂದುಕೊಂಡೇ ಮೇಷ್ಟ್ರು ಮೆಟ್ಟಿಲು ಹತ್ತಿದ್ದರು. ಅವನ ನೆನಪನ್ನೇ ಕೆಡಿಸಿದ್ದೇನೆ ಎಂದು ಗೊತ್ತಿರಲಿಲ್ಲ.

"ಸೋಮವಾರದಿಂದ ಬರ್ಬೇಕಂತೆ," ಎಂದರು.

"ಯಾವ ಮುಖ ಇಟ್ಕೊಂಡು ಹೋಗ್ತಾರೆ?" ಅಕ್ಕನ ದನಿ ಏರಿತು. "ಹದಿನಾಲ್ಕು ಮಕ್ಕಳ ಮನೆಗೂ ಒಬ್ರೇ ಹೋಗಿ ಕೈ ಮುಗಿದು ಬಂದಿದ್ದಾರೆ. ಕುಡಿದಿದ್ರಾ ಅಂತ ಕೇಳಿದವರೂ ಇದ್ದಾರೆ. ನಿನ್ನ ಎರಡನೇ ಕಾಗದ ಆ ಮನೆಗಳಿಗೆ ಹೋಗುತ್ತೇನೋ?"

"ಕಾಗದ ಹೋಗಲ್ಲ," ಎಂದರು ಮೇಷ್ಟ್ರು. "ನಾನು ಹೋಗ್ತೀನಿ."

ಭಾವ ಬೇಡ ಎಂದರು. ಅಕ್ಕ ಬೇಡ ಎನ್ನಲಿಲ್ಲ. ಹದಿನಾಲ್ಕು ವಿಳಾಸಗಳನ್ನು ವ್ಯಾನು ನಿಲ್ಲುವ ಕ್ರಮದಲ್ಲೇ ಗಂಡನ ಬಾಯಿಂದ ಹೇಳಿಸಿ, ತಾನೇ ಬರೆದು ತಮ್ಮನ ಕೈಗಿಟ್ಟಳು.

ಮೊದಲನೆಯದು ಬ್ಯಾಗು ಬೀಳಿಸಿಕೊಂಡ ಹುಡುಗಿಯ ಮನೆ. ಅವಳ ತಾಯಿ ಅರ್ಧ ತೆರೆದ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಬೆಳಿಗ್ಗೆ ಪರೀಕ್ಷೆ ಮಾಡಿದ್ದು, ಮಧ್ಯಾಹ್ನದ ತನಕ ಇಟ್ಟುಕೊಂಡು ನೋಡು ಎಂದರೂ ನೋಡದೆ ಬಿಟ್ಟಿದ್ದು, ಯಾವುದನ್ನೂ ಮೇಷ್ಟ್ರು ಮುಚ್ಚಿಡಲಿಲ್ಲ.

"ಹಾಗಾದ್ರೆ ಅವತ್ತು ಆ ಹಿರಿಯರು ಇದೇ ಜಾಗದಲ್ಲಿ ನಿಂತು ಅತ್ರಲ್ಲ," ಎಂದರು ಆಕೆ, "ಅದು ಯಾರ ತಪ್ಪಿಗೆ?"

"ನನ್ನ ತಪ್ಪಿಗೆ," ಎಂದರು ಮೇಷ್ಟ್ರು.